ಮೊದಲು ಲೆಕ್ಕ ಇಡಿ, ಆಮೇಲೆ ಉಪದೇಶ

ಹಾಸನ ಜಿಲ್ಲೆಯ ಜನ 2025ರ ಜೂನ್, ಜುಲೈ ತಿಂಗಳುಗಳನ್ನು ಅಷ್ಟು ಸುಲಭವಾಗಿ ಮರೆಯಲಾರರು. ನಿನ್ನೆ ಒಬ್ಬ ಕುಸಿದ, ಇಂದು ಇನ್ನೊಬ್ಬ ಹೋದ, ಚಿಕ್ಕ ವಯಸ್ಸು ಸ್ವಾಮಿ, ಮದುವೆಯೂ ಆಗಿರಲಿಲ್ಲ ಎಂಬ ಸುದ್ದಿ ಅರಸೀಕೆರೆ ಬಸ್ ನಿಲ್ದಾಣದಲ್ಲಿ ಹತ್ತಿ ಹಾಸನದಲ್ಲಿ ಇಳಿಯುವಷ್ಟರಲ್ಲಿ ಒಂದಕ್ಕೆ ಎರಡಾಗುತ್ತಿತ್ತು. ಹೃದಯಾಘಾತ ಎಂಬುದೊಂದೇ ಮಾತು. ಲಸಿಕೆಯಿಂದ ಅಂದವರು ಕೆಲವರು, ಮತ್ತೇನೋ ಇದೆ ಸರ್ಕಾರ ಮುಚ್ಚಿಡ್ತಿದೆ ಅಂದವರು ಇನ್ನು ಕೆಲವರು. ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ಬೆಳಗಾಗುವ ಮೊದಲೇ ಸಾಲು. ಗಟ್ಟಿಮುಟ್ಟಾದವರೂ ಎದೆ ಹಿಡಿದುಕೊಂಡು ನಿಂತರು.

ಕಡೆಗೆ ಸರ್ಕಾರ ತಜ್ಞರ ಸಮಿತಿ ಮಾಡಿತು. ಅವರು 24 ಸಾವುಗಳನ್ನು ತೆಗೆದುಕೊಂಡು ಒಂದೊಂದಾಗಿ ಪರಿಶೀಲಿಸಿದರು. 20 ಹೃದಯಕ್ಕೆ ಸಂಬಂಧಿಸಿದವು, ಉಳಿದ 4ಕ್ಕೆ ಬೇರೆ ಕಾರಣ. ಸಾವಿನ ಸಂಖ್ಯೆ ದಿಢೀರನೆ ಏರಿದ್ದು ಲೆಕ್ಕದಲ್ಲಿ ಕಾಣಲಿಲ್ಲ. ಕಂಡದ್ದು ಹಳೆಯ ಶತ್ರುಗಳೇ: ಬೀಡಿ ಸಿಗರೇಟು, ಸಕ್ಕರೆ ಕಾಯಿಲೆ, ರಕ್ತದೊತ್ತಡ, ಬೊಜ್ಜು, ಮದ್ಯ. ಸತ್ತವರಲ್ಲಿ ಆಟೋ, ಕ್ಯಾಬ್ ಓಡಿಸುವವರ ಪಾಲು ಎದ್ದು ಕಾಣುವಷ್ಟಿತ್ತು.

ಸುದ್ದಿ ಹೇಳಿದ್ದು ಒಂದು, ಲೆಕ್ಕ ಹೇಳಿದ್ದು ಇನ್ನೊಂದು. ಸಾಲು ಕರಗಿತು, ಜನ ಮನೆಗೆ ಹೋದರು. ಆದರೆ ಆ ಪಟ್ಟಿಯ ಕೊನೆಯಲ್ಲಿದ್ದ ಒಂದು ಪದದ ಹತ್ತಿರ ಯಾರೂ ನಿಲ್ಲಲಿಲ್ಲ. ಮದ್ಯ ಅಂದರೆ ಅದು ಗೊತ್ತಿದ್ದದ್ದೇ ಅಲ್ಲವೆ, ಅದರಲ್ಲೇನು ಸುದ್ದಿ?

ಅರಸೀಕೆರೆ ತಾಲೂಕಿನ ಯಾವ ಹೋಬಳಿಗೆ ಬೇಕಾದರೂ ಹೋಗಿ. ಕಸಬಾ ಆಗಲಿ, ಬಾಣಾವರ, ಜಾವಗಲ್, ಗಂಡಸಿ, ಕಣಕಟ್ಟೆ ಆಗಲಿ, ಕುಡಿತದ ಮಾತು ತೆಗೆದರೆ ಜನ ಕೂಡಲೇ ಎರಡು ಪಂಗಡ. ಒಂದು ಪಂಗಡ, ಅದರಲ್ಲೂ ಹೆಣ್ಣುಮಕ್ಕಳು, 'ಅಂಗಡಿ ಮುಚ್ಚಿಸ್ರಿ, ಬೇರೆ ಮಾತೇ ಬೇಡ' ಅನ್ನುತ್ತದೆ. ಇನ್ನೊಂದು ಪಂಗಡ ಮೀಸೆಯಲ್ಲೇ ನಕ್ಕು, 'ಮುಚ್ಚಿದ್ರೆ ಕಳ್ಳಭಟ್ಟಿ ಬರುತ್ತೆ, ಅದೂ ಅಲ್ದೆ ಸರ್ಕಾರ ನಡೆಯೋದು ಹೆಂಗೆ?' ಅನ್ನುತ್ತದೆ.

ಎರಡೂ ಪಂಗಡದ ಮಾತಿನಲ್ಲಿ ಸತ್ಯ ಇಲ್ಲದಿಲ್ಲ. 2019ರ ಜನವರಿಯಲ್ಲಿ ಸಾವಿರಾರು ಹೆಂಗಸರು ಚಿತ್ರದುರ್ಗದಿಂದ ಬೆಂಗಳೂರಿಗೆ ಬರಿಗಾಲಲ್ಲೋ ಹವಾಯಿ ಚಪ್ಪಲಿಯಲ್ಲೋ ನಡೆದೇ ಹೋದರು, ಮದ್ಯ ನಿಷೇಧಿಸಿ ಎಂದು. ಆಟಕ್ಕೆ ಯಾರೂ ಅಷ್ಟು ದೂರ ನಡೆಯುವುದಿಲ್ಲ. ಇತ್ತ ರಾಜ್ಯದ ಅಬಕಾರಿ ಆದಾಯ 2023–24ರಲ್ಲಿ 34 ಸಾವಿರ ಕೋಟಿ ರೂಪಾಯಿ ದಾಟಿತು. ಅಷ್ಟು ಹಣವನ್ನು ಯಾವ ಘನ ಸರ್ಕಾರವೂ ಒಂದು ಮೆರವಣಿಗೆ ನೋಡಿ ಬಿಟ್ಟುಕೊಡುವುದಿಲ್ಲ. 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ನಿಂತಿತು. ನಿಂತದ್ದು ಸಾರಾಯಿ, ಕುಡಿತವಲ್ಲ. ಮರುವರ್ಷ, 2008ರ ಮೇ ತಿಂಗಳಲ್ಲಿ, ಬೆಂಗಳೂರು, ಕೋಲಾರ ಮತ್ತು ಗಡಿಯಾಚೆಯ ಕೃಷ್ಣಗಿರಿ ಭಾಗದಲ್ಲಿ ವಿಷಮದ್ಯ ಕುಡಿದು ನೂರಕ್ಕೂ ಹೆಚ್ಚು ಬಡವರು ಸತ್ತರು. ನಿಷೇಧವೇ ಅದಕ್ಕೆ ಕಾರಣ ಎಂದು ಸಲೀಸಾಗಿ ಹೇಳಿಬಿಡಬಾರದು. ಸಾರಾಯಿ ಅಂಗಡಿಗಳು ತೆರೆದಿದ್ದ 1981ರಲ್ಲೂ ಬೆಂಗಳೂರಿನಲ್ಲಿ ಮುನ್ನೂರಕ್ಕೂ ಹೆಚ್ಚು ಜನ ವಿಷಮದ್ಯಕ್ಕೆ ಬಲಿಯಾಗಿದ್ದರು. ಆದರೆ ಬಾಗಿಲಿಗೆ ಬೀಗ ಹಾಕಿದ ಮಾತ್ರಕ್ಕೆ ಕೆಲಸ ಮುಗಿಯಿತು ಅನ್ನುವವರು 2008ನ್ನು ಒಮ್ಮೆ ನೆನೆಯಬೇಕು.

ಈ ಎರಡರ ನಡುವೆ ಮೂರನೆಯ ದಾರಿಯೊಂದಿದೆ. ಬಲ್ಲವರು ಅದನ್ನು ಹಾನಿ ತಗ್ಗಿಸುವ ಕ್ರಮ ಎನ್ನುತ್ತಾರೆ. ಹೆಸರು ದೊಡ್ಡದು, ವಿಷಯ ಸಣ್ಣದು. ಹೆಲ್ಮೆಟ್ ಹಾಕಿಸುವುದು ಬೈಕ್ ಬಿಡಿಸುವುದಕ್ಕಲ್ಲ, ಬಿದ್ದಾಗ ತಲೆ ಉಳಿಯಲಿ ಎಂದು. ಹಾಗೆಯೇ ಕುಡಿಯುವವನು ಇಂದೇ ಸಾಧುವಾಗಲಿ ಎಂದು ಕಾಯದೆ, ಅವನ ಲಿವರ್ ಉಳಿಯಲಿ, ಅವನ ಬೈಕಿಗೆ ಸಿಕ್ಕುವವರು ಉಳಿಯಲಿ, ಮನೆಯಲ್ಲಿ ಒಲೆ ಹೊತ್ತಲಿ ಎಂದು ಮೊದಲು ನೋಡುವುದು. ಬಿಡುವವನು ಬಿಡಲಿ, ಬಿಡಲಾರದವನು ಇಳಿಸಲಿ.

ಒಂದು ಉದಾಹರಣೆ ಸಾಕು. ಮನೆಯವರು ಗಂಡನನ್ನು ದೇವರ ಮುಂದೆ ನಿಲ್ಲಿಸಿ ಆಣೆ ಮಾಡಿಸುವುದು ಹಳ್ಳಿಗಳಲ್ಲಿ ಹೊಸದಲ್ಲ. ಆಣೆಗೆ ಬೆಲೆ ಇದೆ, ಇಲ್ಲವೆನ್ನಲಾಗದು. ಆದರೆ ಹತ್ತಾರು ವರ್ಷ ಬೆಳಗೆದ್ದರೆ ಕುಡಿಯುತ್ತಿದ್ದ ದೇಹ ಒಂದೇ ದಿನ ನಿಲ್ಲಿಸಿದರೆ ತಡೆಯುವುದಿಲ್ಲ. ಎರಡು ಮೂರು ದಿನದೊಳಗೆ ಕೈ ನಡುಕ, ನಿದ್ದೆಯಿಲ್ಲ, ಇಲ್ಲದ್ದು ಕಾಣುವುದು, ಕೆಲವರಿಗೆ ಫಿಟ್ಸ್, ಪ್ರಾಣವೂ ಹೋಗಬಹುದು. ಆಗ ಮನೆಯವರು ದೇವರು ಮುನಿದ ಎಂದುಕೊಳ್ಳುತ್ತಾರೆ. ದೇವರ ತಪ್ಪೇನೂ ಇಲ್ಲ. ಆಣೆ ಮಾಡಿಸುವ ಮೊದಲು ಡಾಕ್ಟರ ಹತ್ತಿರ ಕರೆದೊಯ್ದು ಮಾತ್ರೆ, ವಿಟಮಿನ್ ಕೊಡಿಸಿದ್ದರೆ ಆಣೆಯೂ ಉಳಿಯುತ್ತಿತ್ತು, ಆಳೂ ಉಳಿಯುತ್ತಿದ್ದ. ಇಷ್ಟನ್ನು ಹೇಳಲು ಹಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಒಬ್ಬ ಸಲಹೆಗಾರ ಇದ್ದರೆ ಸಾಕು.

ಇದನ್ನು ಪಂಚಾಯತಿಯಲ್ಲಿ ಎತ್ತಿದರೆ ಏನಾಗುತ್ತದೆ ಎಂಬುದನ್ನು ಊಹಿಸಲು ಜ್ಯೋತಿಷಿ ಬೇಕಿಲ್ಲ. 'ಕಮ್ಮಿ ಕುಡಿ ಅಂತ ಹೇಳೋದು ಅಂದ್ರೆ ಕುಡಿಯೋಕೆ ಲೈಸೆನ್ಸ್ ಕೊಟ್ಟಂಗಲ್ವಾ?' ಎಂದು ಒಬ್ಬರು ಏಳುತ್ತಾರೆ. 'ಗ್ರಾಮದ ಮರ್ಯಾದೆ ಪ್ರಶ್ನೆ' ಎಂದು ಇನ್ನೊಬ್ಬರು. ಕಡತ ಮುಂದಿನ ಸಭೆಗೆ, ಮುಂದಿನ ಸಭೆ ಅದರ ಮುಂದಿನ ಸಭೆಗೆ.

ಇದೇ ರಾಜ್ಯದಲ್ಲಿ, ಇದಕ್ಕಿಂತ ನೂರು ಪಾಲು ಮುಜುಗರದ ವಿಷಯವೊಂದಕ್ಕೆ ಹೀಗೆಯೇ ಬಾಗಿಲು ಮುಚ್ಚಿತ್ತು. ಆ ಬಾಗಿಲು ಹೇಗೆ ತೆರೆಯಿತು ಎಂಬುದನ್ನು ಅರಸೀಕೆರೆಯವರು ತಿಳಿಯುವುದು ಮೇಲು.

ಏಡ್ಸ್ ರೋಗದ ವೈರಾಣು ಭಾರತದಲ್ಲಿ ಮೊದಲು ಪತ್ತೆಯಾದದ್ದು 1986ರಲ್ಲಿ, ಮದ್ರಾಸಿನಲ್ಲಿ. 2000ದ ಹೊತ್ತಿಗೆ ದೇಶದಲ್ಲಿ ಸೋಂಕು ಹೆಚ್ಚಿದ್ದ ಆರು ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಆಗಿನ ಗೋಡೆಬರಹಗಳು ಸಾವು, ತಲೆಬುರುಡೆ ಎಂದು ಹೆದರಿಸುತ್ತಿದ್ದವು. ಕಾಂಡೋಮ್ ಹಂಚಿ ಎಂದವರಿಗೆ, 'ನೀತಿ ಬೋಧಿಸೋದು ಬಿಟ್ಟು ಅನೀತಿಗೆ ಅನುಕೂಲ ಮಾಡ್ತೀರಾ?' ಎಂಬ ಉತ್ತರ. ಇನ್ನೊಂದು ನಂಬಿಕೆಯೂ ಗಟ್ಟಿಯಾಗಿತ್ತು. ಇದು ಬೊಂಬಾಯಿಯ ರೋಗ, ಬೆಂಗಳೂರಿನ ರೋಗ, ಲಾರಿಯವರ ರೋಗ; ಹಳ್ಳಿಯಲ್ಲಿ ಅಂಥದ್ದೆಲ್ಲ ಇಲ್ಲ.

ಹಳ್ಳಿಯಲ್ಲಿ ಇಲ್ಲ ಎಂಬ ಮಾತನ್ನು ಮುರಿದದ್ದು ಭಾಷಣವಲ್ಲ, ಎಣಿಕೆ. ಕೆನಡಾ ಸರ್ಕಾರದ ನೆರವಿನ ಯೋಜನೆಯೊಂದರಲ್ಲಿ 2003ರಲ್ಲಿ ಬಾಗಲಕೋಟೆ ಜಿಲ್ಲೆಯಲ್ಲಿ ಮನೆಮನೆಯ ಸಮೀಕ್ಷೆ ನಡೆಯಿತು. ಆಸ್ಪತ್ರೆಗೆ ಬಂದವರನ್ನಷ್ಟೇ ಅಲ್ಲ, ಸಾಮಾನ್ಯ ಜನರನ್ನು, ಗಂಡಸು ಹೆಂಗಸು ಇಬ್ಬರನ್ನೂ ಪರೀಕ್ಷಿಸಿದರು. ನೂರಕ್ಕೆ 2.9 ಮಂದಿಯಲ್ಲಿ ಸೋಂಕು! ಪಟ್ಟಣದ ಪಾಲಿಗಿಂತ ಹಳ್ಳಿಯ ಪಾಲು ಕಡಿಮೆಯೇನೂ ಇರಲಿಲ್ಲ. ಒಂದು ಹಳ್ಳಿಯಲ್ಲಿ ಹೆಚ್ಚು, ಪಕ್ಕದ ಹಳ್ಳಿಯಲ್ಲಿ ಇಲ್ಲವೇ ಇಲ್ಲ ಎಂಬಷ್ಟು ಕಡಿಮೆ. ನೂರಕ್ಕೆ ಮೂರು ಅಂದರೆ ಒಂದು ತುಂಬಿದ ಬಸ್ಸಿನಲ್ಲಿ ಒಬ್ಬರೋ ಇಬ್ಬರೋ. ಹೀಗೆ ಹೇಳಿದರೆ ಯಾವ ಪಂಚಾಯತಿ ಸದಸ್ಯನಿಗೂ ಅರ್ಥವಾಗುತ್ತದೆ. ಜಾಗತಿಕ ಪರಿಸ್ಥಿತಿ ಎಂದು ಜಿನೀವಾದ ವರದಿ ಓದಿದರೆ ಆಗುವುದಿಲ್ಲ.

ಅದೇ 2003ರಲ್ಲಿ ಗೇಟ್ಸ್ ಪ್ರತಿಷ್ಠಾನದ 'ಆವಾಹನ್' ಕಾರ್ಯಕ್ರಮ ಆರು ರಾಜ್ಯಗಳಲ್ಲಿ ಶುರುವಾಯಿತು. ಇಲ್ಲಿ ಅದನ್ನು ನಡೆಸಲು ಕರ್ನಾಟಕ ಆರೋಗ್ಯ ಸಂವರ್ಧನಾ ಸಂಸ್ಥೆ ಮುಂದೆ ಬಂತು. ಲೈಂಗಿಕ ವೃತ್ತಿಯ ಮಹಿಳೆಯರನ್ನು ಬೆದರಿಸಿ ಊರು ಬಿಡಿಸುವ ಬದಲು, ಅವರಲ್ಲೇ ಕೆಲವರಿಗೆ ತರಬೇತಿ ಕೊಟ್ಟು, ಅವರ ಕೈಯಿಂದಲೇ ಕಾಂಡೋಮ್ ಹಂಚಿಸುವುದು, ಗುಪ್ತರೋಗಕ್ಕೆ ಚಿಕಿತ್ಸೆ ಕೊಡಿಸುವುದು ಕೆಲಸದ ರೀತಿ. ಕೇಳಿದವರು ಕಿವಿ ಮುಚ್ಚಿಕೊಂಡರು. ಪೊಲೀಸರಿಗಂತೂ ಕಾಂಡೋಮ್ ಇಟ್ಟುಕೊಂಡ ಹೆಂಗಸು ಎಂದರೆ ಸಾಕ್ಷಿ ಸಮೇತ ಸಿಕ್ಕ ಹಾಗೆ.

ಆಗ ಕೆಲಸಕ್ಕೆ ಬಂದದ್ದು ಮೈಸೂರಿನ ಲೆಕ್ಕ. ಅಲ್ಲಿ ಕೆಲಸ ಆರಂಭಿಸುವಾಗ 2004ರಲ್ಲಿ ಒಮ್ಮೆ ಪರೀಕ್ಷೆ, 2006ರಲ್ಲಿ ಇನ್ನೊಮ್ಮೆ. ಅದೇ ಊರು, ಅದೇ ವೃತ್ತಿ, ಅದೇ ಬಗೆಯ ಪರೀಕ್ಷೆ. ಸಿಫಿಲಿಸ್ ನೂರಕ್ಕೆ 25 ಇದ್ದದ್ದು 12ಕ್ಕೆ ಇಳಿಯಿತು. ಇತರ ಗುಪ್ತರೋಗಗಳೂ ಅರ್ಧಕ್ಕೆ ಬಂದವು. ಗಿರಾಕಿಗಳೊಡನೆ ಕಾಂಡೋಮ್ ಬಳಕೆ 65ರಿಂದ 90ಕ್ಕೆ ಏರಿತು. ಎಚ್‌ಐವಿ ಮಾತ್ರ ಹೆಚ್ಚುಕಡಿಮೆ ಇದ್ದಲ್ಲೇ ನಿಂತಿತ್ತು, 26 ಇದ್ದದ್ದು 24. ಇದನ್ನೂ ಅವರು ಮುಚ್ಚಿಡದೆ ಬರೆದರು. ಒಮ್ಮೆ ಹತ್ತಿದರೆ ಇಳಿಯುವ ರೋಗವಲ್ಲ ಅದು, ಎರಡು ವರ್ಷದಲ್ಲಿ ಸಂಖ್ಯೆ ಕುಸಿಯದು. ಎಲ್ಲವೂ ಗೆದ್ದಿತು ಎಂದು ಬರೆದಿದ್ದರೆ ಯಾರೂ ನಂಬುತ್ತಿರಲಿಲ್ಲವೋ ಏನೋ. ಸೋತದ್ದನ್ನೂ ಬರೆದ ಖಾತೆ ಪುಸ್ತಕವನ್ನು ಅಂಗಡಿಯವರು ನಂಬುತ್ತಾರೆ.

ಮೈಸೂರಿನ ಆ ಹೆಂಗಸರು 2005ರಲ್ಲಿ ಆಶೋದಯ ಸಮಿತಿ ಎಂಬ ತಮ್ಮದೇ ಸಂಘ ಕಟ್ಟಿಕೊಂಡರು. ಬೀದಿಯಲ್ಲಿ ಯಾರು, ಎಲ್ಲಿ, ಎಷ್ಟು ಮಂದಿ ಎಂಬ ಎಣಿಕೆಯಲ್ಲಿ ಅವರೇ ಇದ್ದರು. ಎಣಿಸುವವರು ಹೊರಗಿನಿಂದ ಜೀಪಿನಲ್ಲಿ ಬಂದ ಸಾಹೇಬರಾಗಿದ್ದರೆ ಅರ್ಧ ಜನ ಹಿಂಬಾಗಿಲಿನಿಂದ ಓಡಿಹೋಗಿರುತ್ತಿದ್ದರು.

ಇನ್ನೊಂದು ಲೆಕ್ಕ ಪೊಲೀಸರನ್ನು ಕುರಿತದ್ದು. ಲೈಂಗಿಕ ವೃತ್ತಿಯ ಮಹಿಳೆಯರ ಮೇಲಿನ ಹಿಂಸೆಯ ಬಗ್ಗೆ ಕರ್ನಾಟಕದ ಅಧ್ಯಯನವೊಂದು 2010ರಲ್ಲಿ ಪ್ರಕಟವಾಯಿತು. ನೂರಕ್ಕೆ 11 ಮಂದಿ ಹಿಂದಿನ ಒಂದು ವರ್ಷದಲ್ಲಿ ಹೊಡೆತ ಅಥವಾ ಬಲಾತ್ಕಾರಕ್ಕೆ ಸಿಕ್ಕಿದ್ದರು. ಹೊಡೆತ ತಿಂದವಳು ಕ್ಲಿನಿಕ್ಕಿಗೆ ಬರುವುದು ಕಡಿಮೆ, ಕಾಂಡೋಮ್ ಒತ್ತಾಯಿಸುವುದು ಕಡಿಮೆ, ಅವಳಿಗೆ ರೋಗ ಹೆಚ್ಚು. ಲಾಠಿ ಬೀಸಿದರೆ ಊರಿನ ಸೋಂಕು ಹೆಚ್ಚುತ್ತದೆ ಎಂಬುದು ಅಂಕಿಯಲ್ಲೇ ಕಂಡಿತು. ಪೊಲೀಸರಿಗೆ ತಿಳಿವಳಿಕೆ ಕೊಡುವ ಕೆಲಸವೂ ನಡೆಯಿತು, ಬರಬರುತ್ತಾ ಹಿಂಸೆಯೂ ತಗ್ಗಿತು. ಕರುಣೆ ತೋರಿಸಿ ಎಂದು ಕೇಳಿದ್ದರೆ ಇಷ್ಟಾಗುತ್ತಿತ್ತೆ?

2006ರಲ್ಲಿ ಲಂಡನ್ನಿನ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಇನ್ನೂ ದೊಡ್ಡ ಲೆಕ್ಕ ಬಂತು. ದಕ್ಷಿಣದ ರಾಜ್ಯಗಳಲ್ಲಿ ಬಸಿರಿನ ತಪಾಸಣೆಗೆ ಬಂದ 15ರಿಂದ 24 ವರ್ಷದ ಹೆಂಗಸರಲ್ಲಿ ಎಚ್‌ಐವಿ 2000ದಲ್ಲಿ ನೂರಕ್ಕೆ 1.7 ಇದ್ದದ್ದು 2004ಕ್ಕೆ 1.1 ಆಗಿತ್ತು. ಮೂರನೇ ಒಂದು ಪಾಲು ಇಳಿಕೆ. ಬಸಿರಿ ಹೆಂಗಸರ ಲೆಕ್ಕ ಎಂದ ಮೇಲೆ 'ಅದು ಅವರ ಪಾಪ, ನಮಗೇನು' ಎಂಬ ಮಾತಿಗೆ ಜಾಗ ಎಲ್ಲಿ? ಅದು ಮನೆಯೊಳಗಿನ ಲೆಕ್ಕ.

ಒಪ್ಪಿಗೆ ಒಂದೊಂದೇ ಮೆಟ್ಟಿಲಾಗಿ ಬಂತು, ಮಾಲೇಕಲ್ಲು ಬೆಟ್ಟ ಹತ್ತಿದ ಹಾಗೆ, ನಡುನಡುವೆ ಕೂತು ಉಸಿರು ತೆಗೆದುಕೊಂಡು. 2007ರಿಂದ ರಾಷ್ಟ್ರೀಯ ಕಾರ್ಯಕ್ರಮದ ಮೂರನೇ ಹಂತದಲ್ಲಿ ಹಳ್ಳಿಗಳಿಗೇ 'ಲಿಂಕ್ ವರ್ಕರ್'ಗಳು ಬಂದರು. 2017ರಲ್ಲಿ ಸಂಸತ್ತು ಎಚ್‌ಐವಿ ಕಾಯಿದೆಯನ್ನೇ ಮಾಡಿತು. ಅದು 2018ರ ಸೆಪ್ಟೆಂಬರ್ 10ರಿಂದ ಜಾರಿಗೆ ಬಂತು. ಅದರ 22ನೇ ಕಲಮು ಓದುವಂಥದ್ದು. ಸೋಂಕು ಹರಡುವ ಅಪಾಯ ತಗ್ಗಿಸಲು ಕಾಂಡೋಮ್, ಶುದ್ಧ ಸೂಜಿ ಮುಂತಾದವನ್ನು ಒದಗಿಸುವುದು ಅಪರಾಧವಲ್ಲ, ಬೇರೆ ಯಾವ ಕಾನೂನು ಏನೇ ಹೇಳಲಿ ಎಂದು ಅಲ್ಲಿದೆ. 2022ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು, ಕಾಂಡೋಮನ್ನು ಅಪರಾಧದ ಸಾಕ್ಷಿಯೆಂದು ಪೊಲೀಸರು ಬಳಸಬಾರದು ಎಂಬ ನಿರ್ದೇಶನವನ್ನು ಎತ್ತಿಹಿಡಿಯಿತು. ಕರ್ನಾಟಕದಲ್ಲಿ ವಯಸ್ಕರ ಸೋಂಕು ಈಗ ನೂರಕ್ಕೆ ಅರ್ಧಕ್ಕಿಂತ ಕೆಳಗಿದೆ. ಪೂರ್ತಿ ಕೀರ್ತಿ ಕಾಂಡೋಮಿನದಲ್ಲ. 2004ರಿಂದ ಸರ್ಕಾರ ಉಚಿತ ಔಷಧ ಕೊಡತೊಡಗಿದ್ದರ ಪಾಲೂ ದೊಡ್ಡದು.

ಇಲ್ಲಿ ಅಂಗಡಿ ಮಾಲೀಕರಿಗೆ ಒಂದು ಮಾತು. 1968ರಲ್ಲಿ ಕೇಂದ್ರ ಸರ್ಕಾರ ಕುಟುಂಬ ಯೋಜನೆಗೆಂದು 'ನಿರೋಧ್' ತಂದಾಗ ಅದನ್ನು ಹಳ್ಳಿಹಳ್ಳಿಗೆ ಮುಟ್ಟಿಸಿದ್ದು ಆಸ್ಪತ್ರೆಯಲ್ಲ. ಚಹಾಪುಡಿ, ಸೋಪು, ಸಿಗರೇಟು, ಟಾರ್ಚಿನ ಸೆಲ್ ಮಾರುವ ದೊಡ್ಡ ಕಂಪನಿಗಳ ವ್ಯಾನುಗಳಲ್ಲೇ ಅದೂ ಬಂತು. ಮೂರಕ್ಕೆ 15 ಪೈಸೆ. ಚಹಾಪುಡಿ ಪೊಟ್ಟಣದ ಪಕ್ಕದಲ್ಲಿ ಅದನ್ನಿಟ್ಟು ಮಾರಿದವರು ಕಿರಾಣಿ ಅಂಗಡಿಯವರು, ಬೀಡಾ ಅಂಗಡಿಯವರು. ಆಗಲೂ ಮರ್ಯಾದೆ ಹೋಯಿತು ಎಂದವರಿದ್ದರು. ಯಾರ ಮರ್ಯಾದೆಯೂ ಹೋಗಲಿಲ್ಲ.

ಈಗ ಕುಡಿತಕ್ಕೆ ಬರೋಣ. ಲೆಕ್ಕ ಇಲ್ಲವೆ? ಇದೆ. ದೆಹಲಿಯ ಏಮ್ಸ್ ನಡೆಸಿ 2019ರಲ್ಲಿ ಹೊರಬಂದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಮದ್ಯ ಸೇವಿಸುವವರು ಸುಮಾರು 16 ಕೋಟಿ. ಅವರಲ್ಲಿ ನೆರವು ಬೇಕಾದವರು ಐದೂವರೆ ಕೋಟಿಗೂ ಮೇಲೆ. ಮದ್ಯಕ್ಕೆ ದಾಸರಾದ 38 ಮಂದಿಯಲ್ಲಿ ಒಬ್ಬರಿಗೆ ಮಾತ್ರ ಏನಾದರೊಂದು ಚಿಕಿತ್ಸೆ ಸಿಕ್ಕಿದೆ. ಉಳಿದ 37 ಮಂದಿ ಎಲ್ಲಿ? ಅವರು ಬಸ್ಸಿನ ಹಿಂದಿನ ಸೀಟಿನಲ್ಲಿದ್ದಾರೆ, ತೆಂಗಿನ ತೋಟದಲ್ಲಿದ್ದಾರೆ, ಶನಿವಾರ ಬಟವಾಡೆ ಆದ ಮೇಲೆ ಅಂಗಡಿಯ ಬಾಕಿ ತೀರಿಸಲು ಬರದವರಲ್ಲಿದ್ದಾರೆ.

ಏನು ಮಾಡಿದರೆ ಉಪಯೋಗ ಎಂಬುದಕ್ಕೂ ಹತ್ತಿರದ್ದೇ ಲೆಕ್ಕವೊಂದಿದೆ. ಗೋವಾದ 10 ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ನಡೆದ ಪ್ರಯೋಗ, 2017ರಲ್ಲಿ 'ಲ್ಯಾನ್ಸೆಟ್'ನಲ್ಲಿ ಬಂದದ್ದು. ಕುಡಿತ ಮಿತಿಮೀರುತ್ತಿದ್ದ 377 ಗಂಡಸರನ್ನು ಚೀಟಿ ಎತ್ತಿದಂತೆ ಎರಡು ಪಾಲು ಮಾಡಿದರು. ಒಂದು ಪಾಲಿಗೆ ಮಾಮೂಲಿ ಚಿಕಿತ್ಸೆ. ಇನ್ನೊಂದು ಪಾಲಿಗೆ ಅದರ ಜೊತೆಗೆ ನಾಲ್ಕು ಬಾರಿಯವರೆಗೆ ಸಲಹೆಗಾರರ ಮಾತುಕತೆ. ಆ ಸಲಹೆಗಾರರು ಡಾಕ್ಟರಲ್ಲ, ನರ್ಸಲ್ಲ. ಮನೋರೋಗದ ವಿದ್ಯೆ ಓದದ, ತರಬೇತಿ ಪಡೆದ ಸ್ಥಳೀಯರು. ಬಿಟ್ಟುಬಿಡಲೇಬೇಕು ಎಂಬ ಕಟ್ಟಪ್ಪಣೆ ಇಲ್ಲ, ಇಳಿಸಿದರೂ ಸರಿ.

ಮೂರು ತಿಂಗಳ ನಂತರ ನೋಡಿದರೆ, ಮಾತುಕತೆ ಆದವರಲ್ಲಿ ನೂರಕ್ಕೆ 36 ಮಂದಿ ಅಪಾಯದ ಮಟ್ಟದಿಂದ ಕೆಳಗಿಳಿದಿದ್ದರು, ಇನ್ನೊಂದು ಪಾಲಿನಲ್ಲಿ 26. ಪೂರ್ತಿ ಕುಡಿಯದೆ ಇದ್ದವರು ಇವರಲ್ಲಿ 42, ಅವರಲ್ಲಿ 18. ಲೈಸೆನ್ಸ್ ಕೊಟ್ಟ ಹಾಗಾಗುತ್ತದೆ ಅನ್ನುವವರು ಈ ಕೊನೆಯ ಅಂಕಿಯನ್ನು ಎರಡು ಸಲ ಓದಬೇಕು. ಬಿಡಲೇಬೇಕು ಎಂದು ಹೇಳದೆ ಇದ್ದ ಕಡೆಯೇ ಬಿಟ್ಟವರು ಹೆಚ್ಚು!

ಆ ಪ್ರಯೋಗದವರೂ ಸೋತದ್ದನ್ನು ಬರೆದಿದ್ದಾರೆ. ಕುಡಿತ ಇಳಿಯಿತು, ಆದರೆ ಹೆಂಡತಿಯ ಮೇಲಿನ ಹೊಡೆತ ಇಳಿದದ್ದು ಆ ಮೂರು ತಿಂಗಳ ಲೆಕ್ಕದಲ್ಲಿ ಕಾಣಲಿಲ್ಲ. ಗ್ರಾಮಸಭೆಯಲ್ಲಿ ಎದ್ದು ನಿಲ್ಲುವ ಹೆಣ್ಣುಮಗಳಿಗೆ ಇದನ್ನು ಮುಚ್ಚಿಡಬಾರದು. ಸಲಹೆಗಾರ ಬಂದರೆ ಎಲ್ಲ ಸರಿಹೋಗುತ್ತದೆ ಎಂದು ಆಸೆ ಹುಟ್ಟಿಸಿ ಆಮೇಲೆ ಮುಖ ಮರೆಸಿಕೊಳ್ಳುವುದಕ್ಕಿಂತ, ಹೊಡೆತಕ್ಕೆ ಬೇರೆ ದಾರಿಯೂ ಬೇಕು, ಪೊಲೀಸರೂ ಕಾನೂನೂ ಬೇಕು ಎಂದು ಮೊದಲೇ ಹೇಳುವುದು ಲೇಸು.

ಇಷ್ಟಾದರೂ ಗೋವೆಯ ಲೆಕ್ಕವನ್ನು ತಂದು ಗಂಡಸಿಯಲ್ಲಿ ಓದಿದರೆ ಕೆಲಸವಾಗದು. 'ಅದು ಗೋವಾ ಕಣಪ್ಪ, ಅಲ್ಲಿ ಫೆನಿ ಕುಡೀತಾರೆ' ಎಂಬ ಉತ್ತರ ಸಿದ್ಧವಾಗಿರುತ್ತದೆ. ಬಾಗಲಕೋಟೆಯವರು ಬಾಗಲಕೋಟೆಯನ್ನೇ ಎಣಿಸಿದರು, ಮೈಸೂರಿನವರು ಮೈಸೂರನ್ನು. ಅರಸೀಕೆರೆಯವರ ಮುಂದೆ ಅರಸೀಕೆರೆಯ ಅಂಕಿಯೇ ಬೇಕು. ಬೇಲೂರು, ಹಳೇಬೀಡಿಗೆ 2023ರಲ್ಲಿ ಯುನೆಸ್ಕೊ ಮನ್ನಣೆ ಬಂದದ್ದಾದರೂ ಹೇಗೆ? ಶಿಲ್ಪ ಚೆನ್ನಾಗಿದೆ ಎಂದು ಹಾಡಿದ್ದರಿಂದಲ್ಲ. 2014ರಲ್ಲೇ ತಾತ್ಕಾಲಿಕ ಪಟ್ಟಿಗೆ ಸೇರಿ, ಅಳತೆ, ನಕ್ಷೆ, ದಾಖಲೆ ಎಲ್ಲ ಕಟ್ಟಿ ಕಡತ ಕಳಿಸಿದ ಮೇಲೆ. ಕಲ್ಲಿಗೆ ಅಷ್ಟು ಕಡತ ಮಾಡಿದ ಜಿಲ್ಲೆ ಮನುಷ್ಯರಿಗೆ ಒಂದು ಕಡತ ಮಾಡಲಾರದೆ?

ಕೆಲಸ ಕಷ್ಟದ್ದಲ್ಲ. ಕುಡಿತ ಯಾವ ಮಟ್ಟದಲ್ಲಿದೆ ಎಂದು ಅಳೆಯಲು ವಿಶ್ವ ಆರೋಗ್ಯ ಸಂಸ್ಥೆ ಮಾಡಿದ ಹತ್ತು ಪ್ರಶ್ನೆಗಳ ಪಟ್ಟಿಯಿದೆ. ವಾರಕ್ಕೆ ಎಷ್ಟು ಸಲ, ಒಂದು ಸಲಕ್ಕೆ ಎಷ್ಟು, ಬೆಳಗೆದ್ದು ಬೇಕೆನಿಸುತ್ತದೆಯೆ, ಕುಡಿದು ಯಾರಿಗಾದರೂ ಪೆಟ್ಟಾಗಿದೆಯೆ ಎಂಬಂಥವು. ಒಟ್ಟು 40 ಅಂಕ. 8 ಮುಟ್ಟಿದರೆ ಎಚ್ಚರ, 20 ಮುಟ್ಟಿದರೆ ತಜ್ಞರ ಹತ್ತಿರ. ತರಬೇತಿ ಕೊಟ್ಟರೆ ಆಶಾ ಕಾರ್ಯಕರ್ತೆಯರು, ಸ್ತ್ರೀಶಕ್ತಿ ಸಂಘದವರು ಇದನ್ನು ಕೇಳಬಲ್ಲರು. ಸಾಧ್ಯವಾದರೆ ಕುಡಿತ ಬಿಟ್ಟ ಗಂಡಸರೇ ಕೇಳಲಿ; ಕುಡುಕನ ಸುಳ್ಳು ಹಳೆಯ ಕುಡುಕನಿಗೆ ಗೊತ್ತಾದಷ್ಟು ಇನ್ಯಾರಿಗೂ ಗೊತ್ತಾಗದು. ಐದು ಹೋಬಳಿಗೆ ಐದು ಆರೋಗ್ಯ ಕೇಂದ್ರ, ಒಂದು ವರ್ಷ. ಶುರುವಿನಲ್ಲೊಂದು ಎಣಿಕೆ, ಕೊನೆಯಲ್ಲೊಂದು.

ಜೊತೆಗೆ ಆಗಲೇ ಎಲ್ಲೋ ಬರೆದಿಟ್ಟಿರುವ ಲೆಕ್ಕಗಳೂ ಇವೆ. ತಾಲೂಕು ಆಸ್ಪತ್ರೆಗೆ ರಾತ್ರಿ ಹೊತ್ತು ಬರುವ ಗಾಯದ ಕೇಸುಗಳು, 108 ಗಾಡಿ ಹೊರಟ ಸಮಯ, ಠಾಣೆಯ ಅಪಘಾತದ ಪುಸ್ತಕ. ಅಂಗಡಿಯ ಬಾಕಿ ಪುಸ್ತಕವೂ ಒಂದು ಸಾಕ್ಷಿಯೇ, ಹೆಸರು ಮುಚ್ಚಿ ಮೊತ್ತ ಮಾತ್ರ ಹೇಳಿದರೆ. ಆಷಾಢದಲ್ಲಿ ಮಾಲೇಕಲ್ಲು ತಿರುಪತಿಯ ತೇರಿಗೆ ಸುತ್ತಲ ಹಳ್ಳಿಗಳೆಲ್ಲ ಸೇರುತ್ತವೆ. ಜಾತ್ರೆ, ಹಬ್ಬಗಳ ದಿನ ಮದ್ಯದಂಗಡಿ ಮುಚ್ಚಿಸುವ ಪದ್ಧತಿ ಜಿಲ್ಲೆ ಜಿಲ್ಲೆಗಳಲ್ಲಿ ಇದೆ. ಹಾಗೆ ಮುಚ್ಚಿಸಿದ ದಿನ, ಅದರ ಹಿಂದಿನ ದಿನ, ಮಾರನೆಯ ದಿನ, ಈ ಮೂರು ದಿನ ಆಸ್ಪತ್ರೆಗೆ ಎಷ್ಟು ಗಾಯಾಳುಗಳು ಬಂದರು ಎಂದು ಯಾರಾದರೂ ಪಕ್ಕಪಕ್ಕ ಇಟ್ಟು ನೋಡಿದರೆ, ಮುಚ್ಚಿಸಿ ಎನ್ನುವವರ ವಾದಕ್ಕೂ ಬೇಡ ಎನ್ನುವವರ ವಾದಕ್ಕೂ ಒಂದು ಗಟ್ಟಿ ನೆಲ ಸಿಗುತ್ತದೆ. ಮುಚ್ಚಿದರೆ ಗಾಯ ಕಡಿಮೆ ಎಂದು ಬಂದರೆ ಹೆಂಗಸರ ಕೈ ಮೇಲಾಯಿತು. ಹಿಂದಿನ ದಿನ ದುಪ್ಪಟ್ಟಾಯಿತು ಎಂದು ಬಂದರೆ ಬೇರೆ ಉಪಾಯ ಹುಡುಕಬೇಕಾಯಿತು. ಯಾವುದು ಬಂದರೂ ಒಪ್ಪುವ ಗುಂಡಿಗೆ ಬೇಕು, ಅಷ್ಟೆ.

ಒಂದು ಎಚ್ಚರ ಮಾತ್ರ ಅತ್ಯಗತ್ಯ. ಅಂಕಿ ಇರಲಿ, ಹೆಸರು ಬೇಡ. ಅರಸೀಕೆರೆಯಂಥ ಜಂಕ್ಷನ್ ಊರಿನಲ್ಲಿ ಬಸ್ ಹತ್ತುವಾಗ ಬಿದ್ದ ಹೆಸರು ಟಿಕೆಟ್ ಹರಿಯುವಷ್ಟರಲ್ಲಿ ಇಡೀ ಬಸ್ಸಿಗೆ ಗೊತ್ತಾಗಿರುತ್ತದೆ. ಎಚ್‌ಐವಿ ಕಾಯಿದೆಯಲ್ಲಿ ರೋಗಿಯ ಗುಟ್ಟು ಕಾಯುವುದಕ್ಕೆಂದೇ ಕಲಮು ಹಾಕಿದ್ದು ಸುಮ್ಮನೆ ಅಲ್ಲ. ಇಂಥ ಹಳ್ಳಿಯಲ್ಲಿ ಇಷ್ಟು ಕುಡುಕರು ಎಂದು ಬೋರ್ಡು ಹಾಕಿದರೆ ಆ ಊರಿನ ಹುಡುಗರಿಗೆ ಹೆಣ್ಣು ಕೊಡುವವರು ಹಿಂಜರಿಯುತ್ತಾರೆ, ಮುಂದಿನ ಸಲ ಆ ಊರಿನಲ್ಲಿ ಒಬ್ಬನೂ ನಿಜ ಹೇಳುವುದಿಲ್ಲ. ಲೆಕ್ಕ ಹೋಬಳಿಯ ಹೆಸರಿನಲ್ಲಿರಲಿ.

ತಾಲೂಕಿನ ಧುರೀಣರು, ಅಧಿಕಾರಿಗಳು ಇಂಥದ್ದಕ್ಕೆ ಹಣ ಎಲ್ಲಿ ಎಂದು ಕೇಳಬಹುದು. ಗೋವೆಯ ಪ್ರಯೋಗದ ಸಲಹೆಗಾರರು ತಜ್ಞರಲ್ಲವಾದ್ದರಿಂದಲೇ ಖರ್ಚು ಹಗುರ. ಕ್ವಾರ್ಟರ್ ಒಂದರ ಮೇಲೆ ಸರ್ಕಾರಕ್ಕೆ ಬರುವ ತೆರಿಗೆಯ ಸಣ್ಣ ಚೂರು ಅದೇ ಹಳ್ಳಿಗೆ ಹಿಂದಿರುಗಿದರೂ ಐದು ಜನರ ಸಂಬಳ ದೊಡ್ಡ ಮಾತಲ್ಲ. ಕೇಳಬೇಕಾದವರು ಕೈಯಲ್ಲಿ ಕಾಗದ ಹಿಡಿದು ಕೇಳಬೇಕು. ಜಿಲ್ಲಾ ಪಂಚಾಯತಿಯ ಮುಖ್ಯ ಕಾರ್ಯನಿರ್ವಹಣಾಧಿಕಾರಿಗಳ ಮೇಜಿನ ಮೇಲೆ ದಿನಕ್ಕೆ ನೂರು ಮನವಿ ಬೀಳುತ್ತವೆ. 'ಕುಡಿತದ ಪಿಡುಗಿನಿಂದ ಜನ ತತ್ತರಿಸಿದ್ದಾರೆ' ಎಂಬ ಮನವಿ ನೂರೊಂದನೆಯದು. ಜಾವಗಲ್ ಹೋಬಳಿಯಲ್ಲಿ ಪ್ರಶ್ನೆ ಕೇಳಿದ ಇಷ್ಟು ಗಂಡಸರಲ್ಲಿ ಇಷ್ಟು ಮಂದಿಗೆ 20ರ ಮೇಲೆ ಅಂಕ, ಅವರಲ್ಲಿ ಡಾಕ್ಟರ ಮುಖ ನೋಡಿದವರು ಇಷ್ಟು ಎಂಬ ಒಂದು ಪುಟದ ಕಾಗದ ಅದಕ್ಕಿಂತ ಮೇಲೆ ಕೂರುತ್ತದೆ.

ಗ್ರಾಮಸಭೆಗಳ ನೋಟೀಸು ಬೋರ್ಡಿಗೆ ಅಂಟುವ ಮೊದಲೇ ಎಣಿಕೆ ಶುರುವಾಗಬೇಕು. ಅಲ್ಲಿಯವರೆಗೆ ಕಾಯಲಾರದ ಮನೆಗಳೂ ಇರುತ್ತವೆ. ಅಂಥವರಿಗೆ ಸರ್ಕಾರದ 'ಟೆಲಿ ಮಾನಸ್' ದೂರವಾಣಿ 2022ರಿಂದ ಇದೆ. ನಂಬರು 14416, ಹಗಲು ರಾತ್ರಿ, ಕಾಸಿಲ್ಲ, ಕನ್ನಡದಲ್ಲೇ ಮಾತಾಡಬಹುದು. ತಾಲೂಕು ಆಸ್ಪತ್ರೆಗಳಿಗೆಂದು 'ಮನೋಚೈತನ್ಯ' ಹೆಸರಿನ ಮಂಗಳವಾರದ ಮಾನಸಿಕ ಆರೋಗ್ಯ ಕ್ಲಿನಿಕ್ಕಿನ ಯೋಜನೆಯೂ ರಾಜ್ಯದಲ್ಲಿದೆ. ಯಾವ ಮಂಗಳವಾರ, ಎಷ್ಟು ಗಂಟೆಗೆ ಎಂದು ಆಸ್ಪತ್ರೆಯ ಚೀಟಿ ಕೊಡುವ ಕಿಟಕಿಯಲ್ಲಿ ಕೇಳಿಕೊಂಡು ಹೋದರೆ ಬಸ್ ಚಾರ್ಜು ದಂಡವಾಗುವುದಿಲ್ಲ. ಬೆಳಗೆದ್ದರೆ ಕೈ ನಡುಗುವವರನ್ನು ಮಾತ್ರ ಮನೆಯಲ್ಲೇ ಕೂಡಿಹಾಕಿ ಕುಡಿತ ನಿಲ್ಲಿಸಬೇಡಿ. ಮೊದಲು ಡಾಕ್ಟರಿಗೆ ತೋರಿಸಿ.